ನಾನ್‌ಸ್ಟಿಕ್ ಕಾವಲಿ ನಿಜವಾಗಿ ಎಷ್ಟು ಕಾಲ ಬಾಳಬೇಕು?

ಕದ್ರಿಯ ಸೊಸೆ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ನಾನ್‌ಸ್ಟಿಕ್ ಕಾವಲಿ ಎರಡು ಮಳೆಗಾಲ ದಾಟುವುದೇ ಇಲ್ಲ. ಹೊಸದರಲ್ಲಿ ನೀರುದೋಸೆ ತಾನಾಗಿಯೇ ಎದ್ದು ಬರುತ್ತದೆ. ವರ್ಷ ತುಂಬುವ ಹೊತ್ತಿಗೆ ನಡುವೆ ಅಂಗೈ ಅಗಲದ ಜಾಗದಲ್ಲಿ ಹಿಡಿಯತೊಡಗುತ್ತದೆ, ಆಮೇಲೆ ಅಲ್ಲಿಯೇ ಬೂದು ಬಣ್ಣ ಕಾಣುತ್ತದೆ. ಮರದ ಸಟ್ಟುಗ ಬಿಟ್ಟು ಬೇರೇನನ್ನೂ ತಾಗಿಸುವುದಿಲ್ಲ, ಸ್ಟೀಲಿನ ಜುಂಗಿನಲ್ಲಿ ಉಜ್ಜುವುದಿಲ್ಲ. ಅದೇ ಕಾವಲಿಯಲ್ಲಿ ಬಂಗುಡೆಯನ್ನೂ ಕಾಯಿಸುತ್ತೇವೆ. ಅಂಗಡಿಯಲ್ಲಿ ಕೇಳಿದರೆ ಬಳಸುವ ಕ್ರಮ ಸರಿ ಇಲ್ಲ ಎಂದು ನಮ್ಮ ಮೇಲೆಯೇ ಹಾಕಿದರು. ಮತ್ತೊಂದಕ್ಕೆ ದುಡ್ಡು ಸುರಿಯುವ ಮೊದಲು ತಿಳಿದುಕೊಳ್ಳಬೇಕು: ಈ ವಸ್ತುವಿನ ಆಯುಷ್ಯವೇ ಇಷ್ಟೇ? ದುಬಾರಿಯದು ತಂದರೆ ಹೆಚ್ಚು ಬಾಳುತ್ತದೆಯೇ? ಎದ್ದ ಪದರ ಹೊಟ್ಟೆಗೆ ಹೋದರೆ ತೊಂದರೆಯೇ? ಮನೆಯಲ್ಲಿ ಚಿಕ್ಕ ಮಗುವಿದೆ, ಅದಕ್ಕೇ ಕೇಳುತ್ತಿದ್ದೇನೆ.

ಕಾರ್ಕಳದ ಕಾವಲಿ
ಬೀಡಿನ, ಅಂದರೆ ಎರಕದ ಕಬ್ಬಿಣದ ಕಾವಲಿ ತನ್ನಿ ಅಕ್ಕ. ನಿಮ್ಮ ಮೊಮ್ಮಕ್ಕಳೂ ಅದರಲ್ಲೇ ದೋಸೆ ಹೊಯ್ಯುತ್ತಾರೆ.

ಬಿಜೈ ಬಾಡಿಗೆಮನೆ
ಯಾರು ಏನು ಕೇಳಿದರೂ ಇಲ್ಲಿ ಇದೇ ಉತ್ತರ. ಅವರು ಕೇಳಿದ್ದು ನಾನ್‌ಸ್ಟಿಕ್ ಎಷ್ಟು ಬಾಳುತ್ತದೆ ಎಂದು. ಬೀಡಿನ ಕಾವಲಿಯ ಭಾರ ಎತ್ತಲಾಗದ ವಯಸ್ಸಾದವರಿದ್ದಾರೆ, ಬೆಳಗ್ಗೆ ಏಳರ ಬಸ್ಸು ಹಿಡಿಯುವವರಿದ್ದಾರೆ. ಅವರಿಗೂ ದೋಸೆ ಬೇಕು. ನಮ್ಮಲ್ಲಿಯೂ ಎರಡು ವರ್ಷ ಬಂದರೆ ಹೆಚ್ಚು. ದಿನವೂ ಒಲೆ ಏರುವ ಕಾವಲಿಗೆ ಅದು ಸಹಜ ಆಯುಷ್ಯ ಎಂದೇ ನನ್ನ ಅಭಿಪ್ರಾಯ.

ಪಾತ್ರೆ ಅಂಗಡಿ ಉಡುಪಿ
ನಾನು ಈ ವ್ಯಾಪಾರದಲ್ಲಿಯೇ ಇರುವವನು. ನಿಮಗೆ ಅಂಗಡಿಯವರು ಹೇಳಿದ್ದು ಅರ್ಧ ಸತ್ಯ. ಉಳಿದ ಅರ್ಧ ಕಾರ್ಖಾನೆಯಲ್ಲಿಯೇ ತೀರ್ಮಾನವಾಗಿರುತ್ತದೆ.

ಪದರ ಹಾಕುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಅಗ್ಗದ ಕಾವಲಿಗಳಲ್ಲಿ ಅಲ್ಯೂಮಿನಿಯಂ ತಗಡು ಚಪ್ಪಟೆಯಾಗಿರುವಾಗಲೇ ರೋಲರಿನಿಂದ ಪದರ ಬಳಿದು, ಆಮೇಲೆ ಅಚ್ಚಿನಲ್ಲಿ ಒತ್ತಿ ಆಕಾರ ಕೊಡುತ್ತಾರೆ. ಈ ಪದರ ತೆಳ್ಳಗೆ, ಒತ್ತುವಾಗ ಅಂಚು ಬಾಗುವಲ್ಲಿ ಇನ್ನಷ್ಟು ಎಳೆದುಹೋಗುತ್ತದೆ. ಎರಡನೆಯ ಬಗೆಯಲ್ಲಿ ಮೊದಲು ಆಕಾರ, ಆಮೇಲೆ ಒಳಮೈಗೆ ಗಟ್ಟಿ ಕಣಗಳನ್ನು ರಭಸದಿಂದ ಹೊಡೆದು ತರಿತರಿ ಮಾಡಿ, ಅದರ ಮೇಲೆ ತಳಪದರ, ನಡುಪದರ, ಮೇಲ್ಪದರ ಎಂದು ಸಿಂಪಡಿಸಿ ಕುಲುಮೆಯಲ್ಲಿ ಬೇಯಿಸುತ್ತಾರೆ. ಇದು ಹೆಚ್ಚು ಬಾಳುತ್ತದೆ, ಬೆಲೆಯೂ ಹೆಚ್ಚು.

ಗಿರಾಕಿಗಳು ಮೋಸಹೋಗುವುದು ಹೆಸರಿನಲ್ಲಿ. ಗ್ರಾನೈಟ್, ಮಾರ್ಬಲ್, ಡೈಮಂಡ್ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಹೆಚ್ಚಿನವುಗಳಲ್ಲಿ ಇರುವುದು ಅದೇ ಹಳೆಯ ಟೆಫ್ಲಾನ್ ಜಾತಿಯ ಪದರ, ಮೇಲೆ ಚುಕ್ಕಿಗಳ ಬಣ್ಣ. ಚುಕ್ಕಿ ನೋಡಿ ದುಡ್ಡು ಕೊಡಬೇಡಿ. ಲೋಹದ ದಪ್ಪ ಕೇಳಿ. 2 ಮಿಲಿಮೀಟರಿನ ಕಾವಲಿಗೂ 4 ಮಿಲಿಮೀಟರಿನದಕ್ಕೂ ಕೈಯಲ್ಲಿ ಎತ್ತಿದರೇ ವ್ಯತ್ಯಾಸ ಗೊತ್ತಾಗುತ್ತದೆ. ತೆಳ್ಳಗಿನದು ಒಂದೇ ಕಡೆ ಕಾಯುತ್ತದೆ, ನಿಮ್ಮ ಆ ಅಂಗೈ ಅಗಲದ ಜಾಗ ಬೆಂಕಿ ನೇರವಾಗಿ ತಾಗುವ ಜಾಗವೇ ಇರಬೇಕು.

ಕದ್ರಿಯ ಸೊಸೆ
ಹೌದು, ಬರ್ನರಿನ ನೇರಕ್ಕೇ ಇದೆ! ನಮ್ಮದು ತೆಳ್ಳಗಿನದೇ, ಒಂದು ಬೆರಳಿನಲ್ಲಿ ಎತ್ತಬಹುದು.

ಮಣಿಪಾಲದ ರಸಾಯನ
ವ್ಯಾಪಾರಿ ಅಣ್ಣ ಹೇಳಿದ್ದಕ್ಕೆ ಕಾರಣವನ್ನು ಸೇರಿಸುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಈ ಪದರದ ಮುಖ್ಯ ವಸ್ತು ಪಿಟಿಎಫ್‌ಇ, ಟೆಫ್ಲಾನ್ ಎನ್ನುವುದು ಇದನ್ನೇ. ಅಮೆರಿಕದ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ 1938ರಲ್ಲಿ ಫ್ರಿಜ್ಜಿಗೆ ಬೇಕಾದ ಅನಿಲದ ಮೇಲೆ ಕೆಲಸ ಮಾಡುತ್ತಿದ್ದಾಗ ಸಿಲಿಂಡರಿನೊಳಗೆ ಬಿಳಿ ಪುಡಿಯಾಗಿ ಸಿಕ್ಕಿದ್ದು. ಇದಕ್ಕೆ ಯಾವುದೂ ಅಂಟುವುದಿಲ್ಲ, ಇದೂ ಯಾವುದಕ್ಕೂ ಅಂಟುವುದಿಲ್ಲ. ಹಾಗಾದರೆ ಅಲ್ಯೂಮಿನಿಯಂಗೆ ಅಂಟಿಸುವುದು ಹೇಗೆ? ಫ್ರಾನ್ಸಿನ ಎಂಜಿನಿಯರ್ ಮಾರ್ಕ್ ಗ್ರೆಗ್ವಾರ್ ಲೋಹದ ಮೈಯನ್ನು ಕೊರೆದು ಒರಟು ಮಾಡಿ, 1954ರ ಹೊತ್ತಿಗೆ ಅಡುಗೆ ಪಾತ್ರೆಗೆ ಈ ಪದರ ಹಿಡಿಸಿದ. 1956ರಲ್ಲಿ ಟೆಫಾಲ್ ಕಂಪನಿ ಹುಟ್ಟಿದ್ದು ಹಾಗೆ. ಗಾರೆ ಹಿಡಿಯಲೆಂದು ಗೋಡೆಗೆ ಕಚ್ಚು ಹೊಡೆಯುತ್ತಾರಲ್ಲ, ಅದೇ ಉಪಾಯ. ಇಂದಿಗೂ ಪದರ ನಿಂತಿರುವುದು ಬಹುಮಟ್ಟಿಗೆ ಆ ಕಚ್ಚಿನ ಬಲದಿಂದ.

ಕಾವಲಿ ಕಾಯುವಾಗ ಎರಡೂ ಹಿಗ್ಗುತ್ತವೆ, ಆದರೆ ಪಿಟಿಎಫ್‌ಇ ಅಲ್ಯೂಮಿನಿಯಂಗಿಂತ ಹಲವು ಪಟ್ಟು ಹೆಚ್ಚು ಹಿಗ್ಗುತ್ತದೆ. ದಿನಾ ಕಾಯುವುದು, ತಣಿಯುವುದು. ಹಿಡಿತ ಸಡಿಲವಾಗುತ್ತಲೇ ಹೋಗುತ್ತದೆ. ಬಳಸಬಹುದಾದ ಮಿತಿ ಸಾಮಾನ್ಯವಾಗಿ 260 ಡಿಗ್ರಿ ಸೆಲ್ಸಿಯಸ್. 327ರಲ್ಲಿ ಅದು ಕರಗುವ ಸ್ಥಿತಿಗೆ ಬರುತ್ತದೆ, 350 ದಾಟಿದರೆ ಒಡೆದು ಹೊಗೆಯಾಗತೊಡಗುತ್ತದೆ. ಬರಿ ಕಾವಲಿಯನ್ನು ದೊಡ್ಡ ಬರ್ನರಿನ ಮೇಲೆ ಪೂರ್ತಿ ಉರಿಯಲ್ಲಿ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ 260 ದಾಟುತ್ತದೆ. ಆದ್ದರಿಂದ ನನ್ನ ಖಚಿತ ಮಾತು: ನಮ್ಮ ಮನೆಗಳಲ್ಲಿ ಈ ಪದರವನ್ನು ಹಾಳುಮಾಡುವುದರಲ್ಲಿ ಸಟ್ಟುಗಕ್ಕಿಂತ ಉರಿಯ ಪಾಲು ದೊಡ್ಡದು.

ಮಗುವಿನ ವಿಷಯ: ಎದ್ದ ಚೂರು ಹೊಟ್ಟೆಗೆ ಹೋದರೆ ಅದು ಕರಗುವುದಿಲ್ಲ, ರಕ್ತಕ್ಕೆ ಸೇರುವುದಿಲ್ಲ, ಹಾಗೆಯೇ ಹೊರಗೆ ಹೋಗುತ್ತದೆ. ಆ ಬಗ್ಗೆ ನಿದ್ದೆ ಕೆಡಿಸಿಕೊಳ್ಳಬೇಡಿ. ಆದರೆ ಪದರ ಎದ್ದ ಕಾವಲಿಯನ್ನು ಬದಲಿಸಿ.

ಕುಂದಾಪುರದವಳು
ಮಣಿಪಾಲದವರೇ, ಹೇಳುವುದು ಸುಲಭ. ನೀರುದೋಸೆಗೆ ಕಣ್ಣು ಬೀಳಬೇಕಾದರೆ ಹಿಟ್ಟು ಹೊಯ್ದ ಕೂಡಲೇ ಕಾವಲಿ ಚುರ್ ಎನ್ನಬೇಕು. ಸಣ್ಣ ಉರಿಯಲ್ಲಿ ಹೊಯ್ದರೆ ಬರುವುದು ದೋಸೆಯಲ್ಲ, ಬೆಂದ ಅಂಟು. ನಾನು ಹೊತ್ತು ಹೊತ್ತಿಗೆ ಮನೆ ತುಂಬ ಜನಕ್ಕೆ ದೋಸೆ ಮಾಡುವವಳು, ಕಾವಲಿ ಕಾಯದೆ ಹಿಟ್ಟು ಮುಟ್ಟುವುದಿಲ್ಲ.

ಮಣಿಪಾಲದ ರಸಾಯನ
ಕಾಯಿಸಬೇಡಿ ಎಂದು ನಾನು ಹೇಳಲಿಲ್ಲ ಅಕ್ಕ. ನೀರಿನ ಹನಿ ಚಿಮುಕಿಸಿ ನೋಡಿ. ಚುರ್ ಎಂದು ಆರಿಹೋದರೆ ಕಾವು ಬಂದಿದೆ, ಹಿಟ್ಟು ಹೊಯ್ಯಬಹುದು. ಹನಿ ಗುಂಡಾಗಿ ಕಾವಲಿಯ ಮೇಲೆ ಓಡಾಡಿದರೆ ಸುಮಾರು 200 ಡಿಗ್ರಿ ತಲುಪಿದೆ ಎಂದು ಅರ್ಥ, ಅಲ್ಲಿಂದ ಮುಂದೆ ಉರಿ ತಗ್ಗಿಸಲೇಬೇಕು. ಹಿಟ್ಟು ಬಿದ್ದ ಮೇಲೆ ಅದರ ನೀರೇ ಕಾವನ್ನು ಹೀರಿಕೊಳ್ಳುತ್ತದೆ. ಅಪಾಯ ಇರುವುದು ಹೊಯ್ಯುವ ಮೊದಲು ಮತ್ತು ಎರಡು ದೋಸೆಗಳ ನಡುವೆ ಫೋನ್ ಬಂದಾಗ.

ಕುಂದಾಪುರದವಳು
ಹನಿ ಓಡಾಡುವವರೆಗೆ ಬಿಡುವುದು ನಾವು ಬೀಡಿನ ಕಾವಲಿಯಲ್ಲಿ. ನಾನ್‌ಸ್ಟಿಕ್ಕಿಗೆ ಅಷ್ಟು ಬೇಡ ಎಂದಾದರೆ ಒಪ್ಪುತ್ತೇನೆ. ಇನ್ನೊಂದು ಮಾತು: ನೀರುದೋಸೆಗೆ ಹಿಟ್ಟು ಹರಡುವ ಸೌಟಿನ ಕೆಲಸ ಇಲ್ಲ, ಮಗುಚಿ ಹಾಕುವುದೂ ಇಲ್ಲ. ಮುಚ್ಚಿ ಬೇಯಿಸಿ, ಮಡಚಿ ತೆಗೆಯುವುದು ಅಷ್ಟೇ. ನೀರುದೋಸೆಗೆ ಮಾತ್ರ ಇಟ್ಟುಕೊಂಡ ಕಾವಲಿ ಹೆಚ್ಚು ಬಾಳುವುದನ್ನು ನಾನು ನಮ್ಮ ಓರಗಿತ್ತಿಯ ಮನೆಯಲ್ಲಿ ನೋಡಿದ್ದೇನೆ. ಉದ್ದಿನ ದೋಸೆಯನ್ನೂ ಮೀನನ್ನೂ ಅದಕ್ಕೆ ಹಾಕಲು ಅವರು ಬಿಡುವುದೇ ಇಲ್ಲ.

ಮಲ್ಪೆ ದೋಣಿಮನೆ
ಅದೇ ಹೇಳಬೇಕೆಂದಿದ್ದೆ. ಕದ್ರಿಯವರ ಕಾವಲಿ ಹೋದದ್ದು ದೋಸೆಯಿಂದ ಅಲ್ಲ, ಬಂಗುಡೆಯಿಂದ. ನಮ್ಮ ಮಸಾಲೆ ನೋಡಿ: ಉಪ್ಪು, ಹುಣಸೆಹುಳಿ, ಬ್ಯಾಡಗಿ ಮೆಣಸು. ಪದರದಲ್ಲಿ ಕಣ್ಣಿಗೆ ಕಾಣದ ಗೀರು ಒಂದಿದ್ದರೆ ಸಾಕು, ಆ ಹುಳಿ, ಉಪ್ಪು ಎರಡೂ ಕೆಳಗಿನ ಅಲ್ಯೂಮಿನಿಯಂಗೆ ಇಳಿಯುತ್ತವೆ. ಲೋಹ ಕೊರೆದು ಅಲ್ಲಿ ಗುಳ್ಳೆ ಏಳುತ್ತದೆ, ಗುಳ್ಳೆ ಒಡೆದರೆ ಸುತ್ತಲಿನ ಪದರವೂ ಕೂಡಿ ಬರುತ್ತದೆ. ಮೀನು ಕಾಯಿಸಿದ ಕಾವಲಿಯನ್ನು ಮಸಾಲೆ ಸಮೇತ ರಾತ್ರಿಯಿಡೀ ತೊಟ್ಟಿಯಲ್ಲಿ ಬಿಡುವ ಮನೆಗಳಲ್ಲಿ ಇದು ಬೇಗ ಆಗುತ್ತದೆ.

ಮೀನಿಗೆ ಬೀಡಿನದೋ ಕಬ್ಬಿಣದ್ದೋ ಬೇಕು. ಬಂಗುಡೆಯ ಸಿಪ್ಪೆ ಗರಿಗರಿಯಾಗಬೇಕಾದರೆ ಅಷ್ಟು ಕಾವು ಬೇಕೇ ಬೇಕು, ಆ ಕಾವನ್ನು ನಾನ್‌ಸ್ಟಿಕ್ಕಿಗೆ ಕೊಡಲಾಗದು. ಮೊದಲ ಬದಿ ಬೇಯುವ ತನಕ ಮುಟ್ಟದೆ ಬಿಟ್ಟರೆ ಮೀನು ಬೀಡಿನಿಂದಲೂ ತಾನಾಗಿ ಬಿಡುತ್ತದೆ. ಜನ ಅವಸರ ಮಾಡಿ ಸಟ್ಟುಗ ತೂರಿಸುತ್ತಾರೆ, ಮಾಂಸ ಕಾವಲಿಯಲ್ಲಿ ಉಳಿಯುತ್ತದೆ, ಆಮೇಲೆ ಬೀಡನ್ನು ಬೈಯುತ್ತಾರೆ.

ಬಿಜೈ ಬಾಡಿಗೆಮನೆ
ಕಾಣೆಯ ರವಾ ಫ್ರೈ ಬೀಡಿನಲ್ಲಿ ಮಾಡಿ ತೋರಿಸಿ, ಆಮೇಲೆ ಮಾತನಾಡೋಣ. ರವೆ ಪೂರ್ತಿ ತಳ ಹಿಡಿದು ಕರಟುತ್ತದೆ.

ಮಲ್ಪೆ ದೋಣಿಮನೆ
ದಿನವೂ ಮಾಡುತ್ತೇವೆ ಮಾರಾಯರೇ. ಎಣ್ಣೆ ಧಾರಾಳ ಇರಲಿ, ಮೀನಿನ ಮೇಲಿನ ನೀರಂಶ ಒರೆಸಿ, ಉದುರುವ ರವೆಯನ್ನು ಕೊಡವಿ ಹಾಕಿ. ಕರಟುವುದು ಉದುರಿದ ರವೆ, ಮೀನಿಗೆ ಹಿಡಿದ ರವೆ ಅಲ್ಲ.

ಉರ್ವದ ಮೀನುಪ್ರಿಯ
ವಿಷಯ ಬೇರೆ, ಆದರೆ ಮಲ್ಪೆಯವರು ಸಿಕ್ಕಿದ್ದಾರೆ, ಕೇಳುತ್ತೇನೆ. ಈಗ ಬಂಗುಡೆ ಒಳ್ಳೆಯದು ಸಿಗುತ್ತಿದೆಯೇ? ಇಲ್ಲಿ ಬರುವುದೆಲ್ಲ ಐಸಿನದು.

ಮಲ್ಪೆ ದೋಣಿಮನೆ
ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧ. ಆ ಎರಡು ತಿಂಗಳಲ್ಲಿ ಬರುವುದು ನಾಡದೋಣಿಯ ಮೀನು ಅಥವಾ ಹೊರರಾಜ್ಯದ ಐಸಿನ ಮೀನು. ನಾಡದೋಣಿಯದು ಬಂದ ದಿನ ಬೆಲೆ ನೋಡದೆ ತೆಗೆದುಕೊಳ್ಳಿ.

ಕಾಪು ದೀಪಸ್ತಂಭ
ಮೂಲ ಪ್ರಶ್ನೆಗೆ ಬರೋಣ. ಮಣಿಪಾಲದವರು 260 ಡಿಗ್ರಿ ಎಂದರು. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ನಾನ್‌ಸ್ಟಿಕ್ ಪಾತ್ರೆಯನ್ನು 170 ಡಿಗ್ರಿಗಿಂತ ಹೆಚ್ಚು ಕಾಯಿಸುವುದು ಅಪಾಯ ಎಂದಿದೆ. ಪದರ ಸವೆದ ಪಾತ್ರೆಯನ್ನು ಬಿಡಬೇಕೆಂದೂ ಹೇಳಿದೆ. ಮಣ್ಣಿನ ಪಾತ್ರೆಯೇ ಎಲ್ಲಕ್ಕಿಂತ ಸುರಕ್ಷಿತ ಎಂದೂ ಹೇಳಿದೆ. ಸರ್ಕಾರದ ಸಂಸ್ಥೆ 170 ಎಂದಾಗ ನೀವು 260 ಹೇಳಿ ಜನರಿಗೆ ಧೈರ್ಯ ತುಂಬುವುದು ಸರಿಯೇ?

ಮಣಿಪಾಲದ ರಸಾಯನ
ನ್ಯಾಯವಾದ ಆಕ್ಷೇಪ. ಆ ಮಾರ್ಗಸೂಚಿಯನ್ನು ನಾನೂ ಓದಿದ್ದೇನೆ. 170 ಡಿಗ್ರಿಯಲ್ಲಿ ಪಿಟಿಎಫ್‌ಇ ಒಡೆಯುವುದಿಲ್ಲ, ಅದನ್ನು ರಸಾಯನಶಾಸ್ತ್ರ ಸ್ಪಷ್ಟವಾಗಿ ಹೇಳುತ್ತದೆ. ಜನಸಾಮಾನ್ಯರಿಗೆ ಕೊಡುವ ಸೂಚನೆಯಲ್ಲಿ ಮಿತಿಯನ್ನು ಬಹಳ ಕೆಳಗೆ ಇಡುವುದಕ್ಕೆ ಅರ್ಥವಿದೆ, ಯಾಕೆಂದರೆ ಯಾರ ಅಡುಗೆಮನೆಯಲ್ಲೂ ಕಾವು ಅಳೆಯುವ ಉಪಕರಣ ಇರುವುದಿಲ್ಲ. ಅಲ್ಲದೆ ಬೆಂಕಿ ತಾಗುವಲ್ಲಿ ಒಂದು ಕಾವು, ಅಂಚಿನಲ್ಲಿ ಇನ್ನೊಂದು. ಆದರೆ 170 ಎಂಬುದನ್ನು ಅಕ್ಷರಶಃ ಹಿಡಿದರೆ ನಾನ್‌ಸ್ಟಿಕ್ಕಿನಲ್ಲಿ ದೋಸೆಯನ್ನೇ ಮಾಡಲಾಗದು. ನಾನು ಹೇಳುವುದು ಇಷ್ಟು: ಬರಿ ಕಾವಲಿಯನ್ನು ದೊಡ್ಡ ಉರಿಯಲ್ಲಿ ಇಡಬೇಡಿ, ಕಿಟಕಿ ತೆರೆದಿರಲಿ, ಹೊಗೆ ಕಂಡರೆ ಒಲೆ ಆರಿಸಿ.

ಕಾಪು ದೀಪಸ್ತಂಭ
ದೋಸೆ ಮಾಡಲಾಗದು ಎಂದಾದರೆ ದೋಸೆಗೆ ಅದು ಬೇಡ ಎಂಬುದೇ ನನ್ನ ವಾದ. ನಮ್ಮ ಕಡೆ ಓಡುದೋಸೆ ಇತ್ತು, ಮಣ್ಣಿನ ಓಡಿನಲ್ಲೇ ಆಗುತ್ತಿತ್ತು.

ಬಿಜೈ ಬಾಡಿಗೆಮನೆ
ಮಣ್ಣಿನ ಓಡು ಇಂಡಕ್ಷನ್ ಒಲೆಯ ಮೇಲೆ ಕಾಯುವುದಿಲ್ಲ ಸ್ವಾಮಿ. ನಮ್ಮ ಬಾಡಿಗೆಮನೆಯಲ್ಲಿ ಇರುವುದು ಅದೊಂದೇ.

ಉರ್ವದ ಮೀನುಪ್ರಿಯ
ಹೊಗೆಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಮನೆಯಲ್ಲಿ ಹಕ್ಕಿ ಸಾಕಿದವರು ಇದ್ದರೆ ದಯವಿಟ್ಟು ಓದಿ. ನಮ್ಮ ನೆರೆಮನೆಯವರ ಲವ್‌ಬರ್ಡ್ಸ್ ಪಂಜರ ಅಡುಗೆಮನೆಯ ಬಾಗಿಲ ಬಳಿ ತೂಗುತ್ತಿತ್ತು. ಒಲೆಯ ಮೇಲೆ ಖಾಲಿ ನಾನ್‌ಸ್ಟಿಕ್ ಬಾಣಲೆ ಮರೆತುಹೋಗಿ ಹೊಗೆಯೆದ್ದಿತು. ಮನೆಯವರಿಗೆ ಕೆಮ್ಮು ಬಂದು ಹೋಯಿತು, ಹಕ್ಕಿಗಳು ಅದೇ ದಿನ ಸತ್ತವು. ಪಶುವೈದ್ಯರು ಕಾರಣ ಇದೇ ಎಂದರು.

ಮಣಿಪಾಲದ ರಸಾಯನ
ನಿಜ. ಹಕ್ಕಿಗಳ ಉಸಿರಾಟದ ವ್ಯವಸ್ಥೆ ಬಹಳ ಸೂಕ್ಷ್ಮ, ವಿಪರೀತ ಕಾದ ಪಿಟಿಎಫ್‌ಇಯ ಹೊಗೆ ಅವುಗಳಿಗೆ ಮಾರಕ. ಮನುಷ್ಯರಿಗೂ ಅದರಿಂದ ಜ್ವರ, ಚಳಿ, ಎದೆ ಬಿಗಿತ ಬರುವುದುಂಟು, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಪಂಜರ ಅಡುಗೆಮನೆಯ ಹತ್ತಿರ ಬೇಡವೇ ಬೇಡ.

ಕಾರ್ಕಳದ ಕಾವಲಿ
ಇಷ್ಟೆಲ್ಲ ಕೇಳಿದ ಮೇಲೂ ಜನ ಅದನ್ನೇ ಕೊಳ್ಳುತ್ತಾರೆ! ಕ್ಯಾನ್ಸರ್ ತರುವ ರಾಸಾಯನಿಕ ಅದರಲ್ಲಿದೆ ಎಂದು ಓದಿದ್ದೆ.

ಮಣಿಪಾಲದ ರಸಾಯನ
ನೀವು ಓದಿದ್ದು ಪಿಎಫ್‌ಒಎ ಬಗ್ಗೆ ಇರಬೇಕು. ಅದು ಪದರವೇ ಅಲ್ಲ, ಪದರದ ವಸ್ತುವನ್ನು ತಯಾರಿಸುವಾಗ ಬಳಸುತ್ತಿದ್ದ ಸಹಾಯಕ ರಾಸಾಯನಿಕ. ತಯಾರಾದ ಕಾವಲಿಯಲ್ಲಿ ಉಳಿಯುತ್ತಿದ್ದುದು ಅತ್ಯಲ್ಪ. ಅನ್ಯಾಯ ಆದದ್ದು ಕಾರ್ಖಾನೆಯ ಸುತ್ತಲಿನವರಿಗೆ. ಅಮೆರಿಕದ ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಬಳಿ ಅದು ಕುಡಿಯುವ ನೀರಿಗೆ ಸೇರಿತು, ಸಾವಿರಾರು ಜನ ನ್ಯಾಯಾಲಯಕ್ಕೆ ಹೋದರು, 2017ರಲ್ಲಿ ಡುಪಾಂಟ್ ಮತ್ತು ಕೆಮೋರ್ಸ್ ಕಂಪನಿಗಳು ಸುಮಾರು 67 ಕೋಟಿ ಡಾಲರ್ ಕೊಡಲು ಒಪ್ಪಿದವು. ಅಲ್ಲಿನ ದೊಡ್ಡ ಕಂಪನಿಗಳು 2015ರ ಕೊನೆಗೆ ಅದರ ಬಳಕೆ ನಿಲ್ಲಿಸಿದವು, 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ ಸೇರಿತು, 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಡಬ್ಬಿಯ ಮೇಲೆ ಪಿಎಫ್‌ಒಎ ಇಲ್ಲ ಎಂದು ಬರೆದದ್ದನ್ನು ನೋಡಿ ಪೂರ್ತಿ ನಿಶ್ಚಿಂತೆ ಬೇಡ. ಅದರ ಜಾಗಕ್ಕೆ ಬಂದವುಗಳಲ್ಲಿ ಕೆಲವು ಅದೇ ಕುಟುಂಬದವು. ಅಮೆರಿಕದ ಮಿನೆಸೋಟ ರಾಜ್ಯ 2025ರ ಜನವರಿ 1ರಿಂದ ಈ ಇಡೀ ಕುಟುಂಬದ ರಾಸಾಯನಿಕ ಸೇರಿಸಿದ ಅಡುಗೆ ಪಾತ್ರೆಗಳ ಮಾರಾಟವನ್ನೇ ನಿಲ್ಲಿಸಿತು. ಅದೇ ವರ್ಷ ಫ್ರಾನ್ಸ್ ಈ ಕುಟುಂಬದ ಮೇಲೆ ಕಾನೂನು ತಂದಾಗ ಅಡುಗೆ ಪಾತ್ರೆಗಳನ್ನು ಅದರಿಂದ ಹೊರಗಿಟ್ಟಿತು.

ಕಾಪು ದೀಪಸ್ತಂಭ
ಹೊರಗಿಡಲೇಬೇಕಲ್ಲ, ಟೆಫಾಲ್ ಅವರದೇ ಊರಿನದು.

ಪುತ್ತೂರಿನ ಹಲಸು
ಬೀಡಿನ ಕಾವಲಿಯ ಪರವಾಗಿ ಎಲ್ಲರೂ ಮಾತನಾಡುತ್ತಿದ್ದೀರಿ, ಅದರ ಕಷ್ಟ ಯಾರೂ ಹೇಳುತ್ತಿಲ್ಲ. ನಮ್ಮ ಹವೆಯಲ್ಲಿ ಮಳೆಗಾಲದ ಆಟಿ ತಿಂಗಳು ಒಂದು ವಾರ ಮುಟ್ಟದೆ ಬಿಟ್ಟರೆ ಕೆಂಪಗೆ ತುಕ್ಕು. ಪತ್ರೊಡೆ ಹೋಳುಗಳನ್ನು ಬೀಡಿನ ಮೇಲೆ ಹಾಕಿದರೆ ಕೆಲವೊಮ್ಮೆ ಅರ್ಧ ಪತ್ರೊಡೆ ಅಲ್ಲಿಯೇ. ತೆಂಗಿನೆಣ್ಣೆ ಹಚ್ಚಿ ಹಚ್ಚಿ ಪಳಗಿಸಿದರೂ ಮೈ ನುಣುಪಾಗುವುದಿಲ್ಲ, ಜಿಡ್ಡು ಜಿಡ್ಡಾಗಿಯೇ ಉಳಿಯುತ್ತದೆ.

ಮಣಿಪಾಲದ ರಸಾಯನ
ಸಮಸ್ಯೆ ಕಾವಲಿಯದಲ್ಲ, ತೆಂಗಿನೆಣ್ಣೆಯದು. ಎಣ್ಣೆ ಕಾದು ಗಟ್ಟಿ ಪೊರೆಯಾಗಿ ಲೋಹಕ್ಕೆ ಹಿಡಿಯಬೇಕಾದರೆ ಅದರಲ್ಲಿ ಅಪರ್ಯಾಪ್ತ ಕೊಬ್ಬು ಇರಬೇಕು. ತೆಂಗಿನೆಣ್ಣೆಯ ಸುಮಾರು 90 ಶೇಕಡಾ ಪರ್ಯಾಪ್ತ ಕೊಬ್ಬು. ಎಷ್ಟು ಕಾಯಿಸಿದರೂ ಪೊರೆ ಸರಿಯಾಗಿ ಕಟ್ಟುವುದಿಲ್ಲ. ಪಳಗಿಸಲು ಎಳ್ಳೆಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಬಳಸಿ, ಬಟ್ಟೆಯಲ್ಲಿ ಒರೆಸಿ ತೆಗೆದಷ್ಟು ತೆಳ್ಳಗೆ ಹಚ್ಚಿ ಹೊಗೆ ಬರುವವರೆಗೆ ಕಾಯಿಸಿ, ತಣಿದ ಮೇಲೆ ಮತ್ತೆ ಹಚ್ಚಿ.

ಇದೇ ಗುಣ ನಾನ್‌ಸ್ಟಿಕ್ಕಿನಲ್ಲಿ ಉಲ್ಟಾ ಕೆಲಸ ಮಾಡುತ್ತದೆ. ಸೂರ್ಯಕಾಂತಿ ಎಣ್ಣೆ ಅಲ್ಲಿಯೂ ಕಂದು ಪೊರೆ ಕಟ್ಟುತ್ತದೆ, ಆ ಪೊರೆಗೆ ದೋಸೆ ಹಿಡಿಯುತ್ತದೆ. ಪದರ ಹೋಯಿತು ಎಂದು ಜನ ಗುಜರಿಗೆ ಹಾಕುವ ಎಷ್ಟೋ ಕಾವಲಿಗಳಲ್ಲಿ ಪದರ ಸರಿಯಾಗಿಯೇ ಇರುತ್ತದೆ. ನೀರಿಗೆ ಅಡುಗೆ ಸೋಡಾ ಹಾಕಿ ಅದರಲ್ಲಿ ಕುದಿಸಿ, ಮೆತ್ತಗಿನ ಸ್ಪಂಜಿನಲ್ಲಿ ಒರೆಸಿ ನೋಡಿ. ಕಂದು ಬಣ್ಣ ಬಿಟ್ಟರೆ ಕಾವಲಿಗೆ ಇನ್ನೂ ಜೀವ ಇದೆ. ಬೂದು ಲೋಹ ಕಂಡರೆ ಮುಗಿಯಿತು.

ಪುತ್ತೂರಿನ ಹಲಸು
ನಮ್ಮ ಹಿರಿಯರು ತೆಂಗಿನೆಣ್ಣೆಯಲ್ಲಿಯೇ ಮಾಡುತ್ತಿದ್ದರಲ್ಲ? ಅವರ ಕಾವಲಿ ಕನ್ನಡಿಯಾಗಿತ್ತು.

ಕಾರ್ಕಳದ ಕಾವಲಿ
ಹಿರಿಯರು ಹೊಸ ಕಾವಲಿಯನ್ನು ಮೊದಲು ಗಂಜಿತಿಳಿಯಲ್ಲಿ ದಿನಗಟ್ಟಲೆ ನೆನೆಸಿ, ಉಜ್ಜಿ, ಆಮೇಲೆ ಎಣ್ಣೆ ಕಾಣಿಸುತ್ತಿದ್ದರು. ದಿನವೂ ಸೌದೆ ಒಲೆ ಏರುತ್ತಿತ್ತು. ಎಣ್ಣೆ ಹಚ್ಚಲು ಬಾಳೆಯ ದಂಟು ಅಥವಾ ಅರ್ಧ ನೀರುಳ್ಳಿ, ಸಾಬೂನು ಹತ್ತಿರ ಸುಳಿಯುತ್ತಿರಲಿಲ್ಲ. ಆ ದಿನಚರಿ ಈಗ ಯಾರ ಮನೆಯಲ್ಲಿದೆ? ತುಕ್ಕಿಗೆ ಮದ್ದು ಸುಲಭ: ತೊಳೆದ ಕೂಡಲೇ ಒಲೆಯ ಮೇಲಿಟ್ಟು ನೀರು ಆರಿಸಿ, ಎಣ್ಣೆಯ ಕೈ ಸವರಿ, ಹಳೆಯ ಪತ್ರಿಕೆಯಲ್ಲಿ ಸುತ್ತಿಡಿ.

ಸುರತ್ಕಲ್ ಮೆಕ್ಯಾನಿಕಲ್
ತಳ ಉಬ್ಬುವ ವಿಷಯ ಯಾರೂ ಎತ್ತಲಿಲ್ಲ. ಒಲೆಯಿಂದ ಇಳಿಸಿದ ಕಾವಲಿಯನ್ನು ಚುಂಯ್ ಎಂದು ನಲ್ಲಿಯ ಕೆಳಗೆ ಹಿಡಿಯುವ ಅಭ್ಯಾಸ ತುಂಬ ಮನೆಗಳಲ್ಲಿದೆ. ತೆಳು ಅಲ್ಯೂಮಿನಿಯಂ ಆ ಒಂದೇ ಕ್ಷಣದಲ್ಲಿ ಬಾಗುತ್ತದೆ. ನಡು ಮೇಲೆದ್ದು ಎಣ್ಣೆ ಅಂಚಿಗೆ ಓಡುತ್ತದೆ, ನಡುವೆ ಒಣ ಜಾಗ ಸುಡುತ್ತದೆ. ಇಂಡಕ್ಷನ್ ಒಲೆಯಲ್ಲಿ ಇದು ಇನ್ನೂ ಕೆಟ್ಟದು, ತಳ ಗಾಜಿಗೆ ಸರಿಯಾಗಿ ಕೂರುವುದಿಲ್ಲ. ಬಿಜೈಯವರೇ, ಇಂಡಕ್ಷನ್ ಅಲ್ಯೂಮಿನಿಯಂನ್ನು ಕಾಯಿಸುವುದಿಲ್ಲ, ಕಾಯುವುದು ತಳಕ್ಕೆ ಸೇರಿಸಿದ ಉಕ್ಕಿನ ತಟ್ಟೆ. ಆ ತಟ್ಟೆ ಚಿಕ್ಕದಿದ್ದರೆ ಅಷ್ಟೇ ಅಗಲಕ್ಕೆ ಕಾವು, ಅಲ್ಲಿಯೇ ಪದರ ಮೊದಲು ಹೋಗುತ್ತದೆ. ಕೊಳ್ಳುವಾಗ ಕಾವಲಿ ಮಗುಚಿ ತಳ ನೋಡಿ, ತಟ್ಟೆ ಅಂಚಿನವರೆಗೆ ಹರಡಿರಲಿ.

ಬಿಜೈ ಬಾಡಿಗೆಮನೆ
ಇದು ಕೆಲಸಕ್ಕೆ ಬರುವ ಮಾತು. ಈಗಷ್ಟೇ ಮಗುಚಿ ನೋಡಿದೆ, ನಮ್ಮದರಲ್ಲಿ ತಟ್ಟೆ ತಳದ ಅರ್ಧಕ್ಕೂ ಇಲ್ಲ.

ಬ್ರಹ್ಮಾವರದ ಟೀಚರ್
ಸೆರಾಮಿಕ್ ಪದರದ ಕಾವಲಿ ಹೇಗೆ? ಅದಕ್ಕೆ ಈ ಹೊಗೆಯ ಭಯ ಇಲ್ಲವಂತೆ.

ಪಾತ್ರೆ ಅಂಗಡಿ ಉಡುಪಿ
ಹೊಗೆಯ ಭಯ ಇಲ್ಲ ಟೀಚರ್, ಆದರೆ ಆಯುಷ್ಯ ಇನ್ನೂ ಕಡಿಮೆ. ಅದು ಸಿಲಿಕಾ ಮೂಲದ ಪದರ. ಮೊದಲ ತಿಂಗಳುಗಳಲ್ಲಿ ಟೆಫ್ಲಾನನ್ನೂ ಮೀರಿಸುತ್ತದೆ, ಆಮೇಲೆ ಜಾರುವ ಗುಣ ಮೆಲ್ಲನೆ ಹೋಗುತ್ತದೆ. ಪದರ ಏಳುವುದಿಲ್ಲ, ನೋಡಲು ಚೆಂದವಾಗಿಯೇ ಇರುತ್ತದೆ, ದೋಸೆ ಮಾತ್ರ ಹಿಡಿಯುತ್ತದೆ. ನನ್ನ ಅಂಗಡಿಗೆ ಇದೇ ದೂರು ಹೊತ್ತು ತರುವವರು ಜಾಸ್ತಿ. ಹಾರ್ಡ್ ಅನೊಡೈಸ್ಡ್ ಎಂಬುದು ಬೇರೆ, ಅದು ಅಲ್ಯೂಮಿನಿಯಂನ ಮೈಯನ್ನೇ ಗಟ್ಟಿ ಮಾಡಿದ್ದು. ಗಟ್ಟಿ ಹೌದು, ಆದರೆ ಅದರ ಮೇಲೆ ನಾನ್‌ಸ್ಟಿಕ್ ಪದರ ಇಲ್ಲದಿದ್ದರೆ ಆಹಾರ ಹಿಡಿಯುತ್ತದೆ. ಎರಡನ್ನೂ ಒಂದೇ ಎಂದುಕೊಂಡು ಕೊಳ್ಳಬೇಡಿ.

ಕದ್ರಿಯ ಸೊಸೆ
ಎಲ್ಲರಿಗೂ ಧನ್ಯವಾದ. ನಾನು ಹೀಗೆ ಮಾಡುತ್ತೇನೆ: ಬಂಗುಡೆಗೆ, ಬೂತಾಯಿಗೆ ಒಂದು ಬೀಡಿನ ಕಾವಲಿ. ನೀರುದೋಸೆಗೂ ಮಗುವಿನ ಮೊಟ್ಟೆಗೂ ದಪ್ಪ ತಳದ ಮಧ್ಯಮ ಬೆಲೆಯ ನಾನ್‌ಸ್ಟಿಕ್, ಚಿಕ್ಕ ಬರ್ನರಿನಲ್ಲಿ ಮಾತ್ರ. ಕಾರ್ಕಳದವರು ಬೇಸರಿಸಬೇಡಿ, ಬೆಳಗ್ಗೆ ದೋಸೆ ಮಾಡುವುದು ನಮ್ಮ ಅತ್ತೆ. ಅವರ ಮಣಿಕಟ್ಟು ನೋವಿಗೆ ಬೀಡು ಎತ್ತಲು ಆಗುವುದಿಲ್ಲ. ಅವರ ಕೈಗಿಂತ ಕಾವಲಿಯ ಆಯುಷ್ಯ ನನಗೆ ದೊಡ್ಡದಲ್ಲ.

ಕಾರ್ಕಳದ ಕಾವಲಿ
ಬೇಸರ ಏನೂ ಇಲ್ಲ ಅಕ್ಕ. ಆದರೆ ಬೀಡಿನದನ್ನು ಮೊದಲ ತಿಂಗಳು ಮೀನಿಗೆ ಹಾಕಬೇಡಿ. ಎಣ್ಣೆ ಧಾರಾಳ ಹಾಕುವ ತಿಂಡಿಗಳಿಗೆ ಬಳಸಿ ಮೈ ಪಳಗಲಿ. ಮೀನಿನ ಹುಳಿ ಹಸಿ ಪೊರೆಯನ್ನು ಎಬ್ಬಿಸುತ್ತದೆ.

ಪುತ್ತೂರಿನ ಹಲಸು
ಮಟ್ಟುಗುಳ್ಳ ಬದನೆಯ ಬಿಲ್ಲೆಗಳನ್ನು ಹುರಿಯಿರಿ. ಎಣ್ಣೆ ಚೆನ್ನಾಗಿ ಕುಡಿಯುತ್ತದೆ, ಕಾವಲಿಗೂ ಒಳ್ಳೆಯದು, ಊಟಕ್ಕೂ ಒಳ್ಳೆಯದು.

ಬ್ರಹ್ಮಾವರದ ಟೀಚರ್
ಕೊನೆಗೊಂದು ಪ್ರಶ್ನೆ. ಗುಳಿಯಪ್ಪದ ಕಾವಲಿ ನಾನ್‌ಸ್ಟಿಕ್ಕಿನದು ತಂದಿದ್ದೇನೆ. ಚಮಚದಲ್ಲಿ ತಿರುಗಿಸಿದರೆ ಗುಳಿಯ ಅಂಚಿನಲ್ಲಿ ಗೀರು ಬೀಳುತ್ತಿದೆ. ಚೌತಿಗೆ ಮೊದಲು ದಾರಿ ಹೇಳಿ.

ಕುಂದಾಪುರದವಳು
ಚಮಚ ಬೇಡ. ತೆಂಗಿನ ಗರಿಯ ಹೊಸ ಕಡ್ಡಿಯನ್ನು ತೊಳೆದು ತುದಿ ಚೂಪು ಮಾಡಿಟ್ಟುಕೊಳ್ಳಿ. ಅಪ್ಪದ ಒಂದು ಬದಿ ಬೆಂದ ಮೇಲೆ ಅಂಚಿಗೆ ಚುಚ್ಚಿ ಸ್ವಲ್ಪ ಎತ್ತಿದರೆ ತಾನಾಗಿ ಉರುಳುತ್ತದೆ. ಬಾಳೆಹಣ್ಣು ಬೆಲ್ಲದ ಹಿಟ್ಟಾದರೆ ಉರಿ ಇನ್ನೂ ಸಣ್ಣಗಿರಲಿ, ಬೆಲ್ಲ ಕರಟಿ ಗುಳಿಯ ತಳಕ್ಕೆ ಹಿಡಿದರೆ ಬಿಡಿಸುವಾಗ ಪದರವೂ ಬರುತ್ತದೆ. ಮಾಡಿ ಮುಗಿದ ಮೇಲೆ ಗುಳಿಗಳಿಗೆ ಬಿಸಿನೀರು ತುಂಬಿಸಿ ಅರ್ಧ ಗಂಟೆ ಬಿಡಿ, ಉಜ್ಜುವ ಕೆಲಸವೇ ಇರುವುದಿಲ್ಲ.